ಹಾಸಿಗೆ ಹುಣ್ಣು ಯಾವತ್ತು ಶುರುವಾಯಿತು, ಈಗ ಏನು ಮಾಡಬೇಕು?

ಪ್ರಶ್ನೆ: ನಮ್ಮ ತಾಯಿಗೆ 76 ವರ್ಷ, ತೂಕ 48 ಕೆ.ಜಿ., ಸಕ್ಕರೆ ಕಾಯಿಲೆ ಇದೆ. ಒಂದು ಭಾನುವಾರ ಬಚ್ಚಲಲ್ಲಿ ಜಾರಿ ಬಿದ್ದು ಎಡ ಸೊಂಟದ ಮೂಳೆ ಮುರಿಯಿತು. ಖಾಸಗಿ ಆಸ್ಪತ್ರೆಯಲ್ಲಿ ಮಂಗಳವಾರ ಆಪರೇಷನ್ ಮಾಡಿ ಅರ್ಧ ಕೀಲು ಬದಲಿಸಿದರು. ಮುಂದಿನ ಸೋಮವಾರ ಮಧ್ಯಾಹ್ನ ಡಿಸ್ಚಾರ್ಜ್ ಆಯಿತು. ಬುಧವಾರ ಬೆಳಿಗ್ಗೆ ಮೈ ಒರೆಸುವಾಗ ಬೆನ್ನಿನ ಕೆಳತುದಿಯಲ್ಲಿ ನೇರಳೆ ಬಣ್ಣದ ಕಲೆ ಕಂಡಿತು. ನಾಲ್ಕೇ ದಿನಕ್ಕೆ ಬೊಬ್ಬೆ ಎದ್ದು ಒಡೆದು, ಈಗ 4 ಸೆ.ಮೀ. ಉದ್ದ, 3 ಸೆ.ಮೀ. ಅಗಲದ ಗಾಯವಾಗಿದೆ. ತಳದಲ್ಲಿ ಹಳದಿ ಪೊರೆ ಕಾಣುತ್ತದೆ. ‘ಇದು ಮನೆಗೆ ಹೋದ ಮೇಲೆ ಆಗಿದ್ದು’ ಎನ್ನುತ್ತಾರೆ ಆಸ್ಪತ್ರೆಯವರು. ‘ನರ್ಸ್‌ಗಳು ತಿರುಗಿಯೂ ನೋಡಲಿಲ್ಲ, ಕೇಸ್ ಹಾಕೋಣ’ ಎನ್ನುತ್ತಾರೆ ನಮ್ಮ ಭಾವ. ಏಜೆನ್ಸಿಯಿಂದ ಬಂದ ಹುಡುಗಿ ದಿನವೂ ಸುತ್ತ ಸ್ಪಿರಿಟ್ ಹಚ್ಚಿ ಉಜ್ಜಿ, ಪೌಡರ್ ಹಾಕುತ್ತಾಳೆ. ಮಧ್ಯೆ ತೂತಿರುವ ಗಾಳಿ ದಿಂಬಿನ ಮೇಲೆ ಕೂರಿಸುತ್ತಾಳೆ. ವಾಟರ್ ಬೆಡ್ ತಂದರೆ ಸಾಕೇ? ತಪ್ಪು ಯಾರದು?
(ಬಸವೇಶ್ವರನಗರದ ಓದುಗರು, ಬೆಂಗಳೂರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಗಾಯ ಎಲ್ಲಿ ಶುರುವಾಯಿತು ಎಂಬುದು ಒಂದು, ಈಗ ಏನು ಮಾಡಬೇಕು ಎಂಬುದು ಇನ್ನೊಂದು. ಎರಡನೆಯದು ತುರ್ತು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಸ್ಪಿರಿಟ್, ಉಜ್ಜುವುದು, ಪೌಡರ್, ತೂತಿನ ದಿಂಬು ನಾಲ್ಕನ್ನೂ ಇವತ್ತೇ ನಿಲ್ಲಿಸಿ. ಈ ವಾರದೊಳಗೆ ಸರ್ಜನ್ ಒಬ್ಬರು ಗಾಯವನ್ನು ಕಣ್ಣಾರೆ ನೋಡಲೇಬೇಕು. ವಾಟ್ಸ್ಯಾಪ್‌ನಲ್ಲಿ ಕಳಿಸಿದ ಫೋಟೊ ಸಾಲದು. ತಳದಲ್ಲಿ ಹಳದಿ ಪೊರೆ ಮುಚ್ಚಿಕೊಂಡಿರುವ ಗಾಯದ ಆಳವನ್ನು ಮೇಲಿನಿಂದ ನೋಡಿ ಯಾರೂ ಹೇಳಲಾರರು. ಕೆಳಗೆ ಅರ್ಧ ಸೆಂಟಿಮೀಟರ್ ಇರಬಹುದು, ಮೂಳೆಯವರೆಗೂ ಹೋಗಿರಬಹುದು.

ಇನ್ನು ದಿನಾಂಕದ ಲೆಕ್ಕ. ಹಾಸಿಗೆ ಹುಣ್ಣು ಚರ್ಮದಿಂದ ಒಳಗೆ ಇಳಿಯುತ್ತದೆ ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ನೇರಳೆ ಕಲೆಯಾಗಿ ಕಾಣಿಸಿಕೊಳ್ಳುವ ಬಗೆ ಇದಕ್ಕೆ ತಿರುಗುಮುರುಗು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಸ್ನಾಯು ಮತ್ತು ಕೊಬ್ಬು ರಕ್ತ ಸಿಗದೆ ಮೊದಲು ಸಾಯುತ್ತವೆ. ಚರ್ಮ ಅವುಗಳಿಗಿಂತ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ಹೊರಗೆ ಹೊಳೆಯುವ ಮಾವಿನಹಣ್ಣು ವಾಟೆಯ ಸುತ್ತ ಕಪ್ಪಾಗಿರುತ್ತದಲ್ಲ, ಹಾಗೆ. ಒಳಗಿನ ಪೆಟ್ಟು ಚರ್ಮದ ಮೇಲೆ ನೇರಳೆಯಾಗಿ ಮೂಡಲು ಸಾಮಾನ್ಯವಾಗಿ 48ರಿಂದ 72 ಗಂಟೆ ಹಿಡಿಯುತ್ತದೆ.

ನಿಮಗೆ ಕಲೆ ಕಂಡದ್ದು ಬುಧವಾರ ಬೆಳಿಗ್ಗೆ. ಅಲ್ಲಿಂದ 48 ಗಂಟೆ ಹಿಂದೆ ಎಣಿಸಿದರೆ ಸೋಮವಾರ ಬೆಳಿಗ್ಗೆ, 72 ಗಂಟೆಗೆ ಭಾನುವಾರ ಬೆಳಿಗ್ಗೆ. ಆಗ ಅಮ್ಮ ಇನ್ನೂ ವಾರ್ಡಿನಲ್ಲೇ ಇದ್ದರು. ಆದ್ದರಿಂದ ‘ಮನೆಗೆ ಹೋದ ಮೇಲೆ ಆಗಿದ್ದು’ ಎಂಬ ಮಾತು ಲೆಕ್ಕಕ್ಕೆ ಸುಲಭವಾಗಿ ಕೂರುವುದಿಲ್ಲ. ಆದರೆ ಅದು ಪೂರ್ತಿ ಸುಳ್ಳು ಎಂದೂ ಹೇಳಲಾಗದು. ಮನೆಗೆ ಬಂದ ಮೊದಲ ರಾತ್ರಿ ಹೊರಳದೆ ಅಂಗಾತವೇ ಮಲಗಿದ್ದರೆ, ಒಳಗೆ ಅರ್ಧ ನೊಂದಿದ್ದ ಜಾಗಕ್ಕೆ ಅದೇ ಕೊನೆಯ ಪೆಟ್ಟಾಗಿರಬಹುದು. ಇನ್ನೊಂದು ವಿಷಯ: ಇದು ಆಪರೇಷನ್ ಟೇಬಲ್ ಮೇಲೆ ಆದದ್ದಾಗಿದ್ದರೆ ಗುರುವಾರ, ಶುಕ್ರವಾರದ ಹೊತ್ತಿಗೆ ವಾರ್ಡಿನಲ್ಲೇ ಕಲೆ ಮೂಡಬೇಕಿತ್ತು. ಮೂಡಿಯೂ ಯಾರೂ ನೋಡದೆ ಇದ್ದಿರಲೂಬಹುದು. ಅದಕ್ಕೊಂದು ಕಾರಣವಿದೆ. ಮೊದಲ ಹಂತದ ಗುರುತು ಎಂದು ಪಠ್ಯಪುಸ್ತಕ ಹೇಳುವ ‘ಬೆರಳಿಂದ ಒತ್ತಿದರೂ ಬೆಳ್ಳಗಾಗದ ಕೆಂಪು’ ಬಿಳಿ ಚರ್ಮವನ್ನು ನೋಡಿ ಬರೆದದ್ದು. ನಮ್ಮ ಕಂದು, ಎಣ್ಣೆಗೆಂಪು ಮೈಯಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಅಂಗೈಯ ಹಿಂಭಾಗವಿಟ್ಟು ಪಕ್ಕದ ಚರ್ಮಕ್ಕಿಂತ ಬಿಸಿಯಿದೆಯೇ, ತಣ್ಣಗಿದೆಯೇ, ಬೆರಳಿಗೆ ಗಟ್ಟಿಯೋ ಹಿಟ್ಟಿನಂತೆ ಮೆತ್ತಗೋ, ಮುಟ್ಟಿದರೆ ನೋವೆನ್ನುತ್ತಾರೆಯೇ ಎಂದು ನೋಡಬೇಕು. ಟ್ಯೂಬ್‌ಲೈಟ್ ಬೆಳಕಲ್ಲಿ ಒಂದು ಸಲ ಕಣ್ಣು ಹಾಯಿಸಿದರೆ ತಪ್ಪಿಹೋಗುತ್ತದೆ.

ಅಮ್ಮನಿಗೇ ಯಾಕಾಯಿತು? ಅಪಾಯ ಅಳೆಯಲು ವಾರ್ಡುಗಳಲ್ಲಿ ಹೆಚ್ಚು ಬಳಸುವುದು ಬ್ರೇಡನ್ ಸ್ಕೇಲ್. 1987ರಲ್ಲಿ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ನರ್ಸ್ ಸಂಶೋಧಕರು ಪ್ರಕಟಿಸಿದ್ದು. ಸ್ಪರ್ಶಜ್ಞಾನ, ಒದ್ದೆ, ಎದ್ದು ಓಡಾಡುವುದು, ಹಾಸಿಗೆಯಲ್ಲಿ ಮಗ್ಗುಲಾಗುವುದು, ಆಹಾರ, ಜಾರಿ ಉಜ್ಜುವುದು ಎಂಬ ಆರು ಅಂಶಗಳಿಗೆ ಅಂಕ. ಒಟ್ಟು 6ರಿಂದ 23. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ವಹಿಸಬೇಕು. ನೀವು ಬರೆದದ್ದನ್ನಷ್ಟೇ ನೋಡಿ ಅಂದಾಜು ಹಾಕಿದರೆ ಅಮ್ಮನ ಅಂಕ ಆಪರೇಷನ್ ಆದ ವಾರ 14ರ ಆಸುಪಾಸು ಇದ್ದಿರಬೇಕು. ಅಂದರೆ ಸೇರಿದ ದಿನವೇ ಗೊತ್ತಾಗಬಹುದಾಗಿದ್ದ ಅಪಾಯ.

ಇವುಗಳಲ್ಲಿ ಮನೆಯವರ ಗಮನಕ್ಕೆ ಬಾರದೇ ಹೋಗುವುದು ಜಾರುವಿಕೆ. ಊಟ ಮಾಡಿಸಲು ಹಾಸಿಗೆಯ ತಲೆಭಾಗ ಎತ್ತುತ್ತೇವೆ, ಆಮೇಲೆ ಇಳಿಸಲು ಮರೆಯುತ್ತೇವೆ. ಮೈಭಾರಕ್ಕೆ ಮೂಳೆ ಕಾಲಿನ ಕಡೆ ಇಳಿಯುತ್ತದೆ, ಚರ್ಮ ಮಾತ್ರ ಬೆಡ್‌ಶೀಟಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಎಳೆದು ತಿರುಚಿಕೊಳ್ಳುತ್ತವೆ. ಬರೀ ಒತ್ತಡಕ್ಕಿಂತ ಒತ್ತಡದ ಜೊತೆ ಈ ಎಳೆತ ಸೇರಿದರೆ ಹಾನಿ ಬೇಗ. ಜಾರಿದವರನ್ನು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತೇವಲ್ಲ, ಅದೂ ಇದೇ ಹಾನಿಯನ್ನು ಇನ್ನೊಂದು ದಿಕ್ಕಿನಲ್ಲಿ ಮಾಡುತ್ತದೆ.

ಈಗ ನಿಮ್ಮ ಭಾವನವರ ಮಾತು. ನರ್ಸ್‌ಗಳು ನೋಡಲಿಲ್ಲ ಎಂಬುದು ನಿಜವೇ ಇರಬಹುದು. ಯಾಕೆ ನೋಡಲಿಲ್ಲ ಎಂಬ ಪ್ರಶ್ನೆಯನ್ನೇ ನರ್ಸಿಂಗ್ ಸಂಶೋಧನೆ ಬಹಳ ವರ್ಷದಿಂದ ಕೇಳುತ್ತಾ ಬಂದಿದೆ. 2006ರಲ್ಲಿ ಅಮೆರಿಕದ ಬಿಯಾಟ್ರಿಸ್ ಕಾಲಿಷ್, ವಾರ್ಡುಗಳಲ್ಲಿ ಸದಾ ಬಿಟ್ಟುಹೋಗುವ ಶುಶ್ರೂಷೆ ಯಾವುದು ಎಂದು ನರ್ಸ್‌ಗಳನ್ನೇ ಕೇಳಿ ಒಂಬತ್ತು ಕೆಲಸಗಳನ್ನು ಗುರುತಿಸಿದರು. ರೋಗಿಯನ್ನು ನಡೆಸುವುದು, ಮಗ್ಗುಲು ಬದಲಿಸುವುದು, ಹೊತ್ತಿಗೆ ಸರಿಯಾಗಿ ಉಣ್ಣಿಸುವುದು, ಶುಚಿ, ಡಿಸ್ಚಾರ್ಜ್ ತಯಾರಿ ಎಲ್ಲ ಆ ಪಟ್ಟಿಯಲ್ಲಿವೆ. ಇಂಜೆಕ್ಷನ್ ತಪ್ಪಿದರೆ ಯಾರಾದರೂ ಕೇಳುತ್ತಾರೆ. ಮಗ್ಗುಲು ಬದಲಿಸದಿದ್ದರೆ ಮೂರು ದಿನ ಯಾರಿಗೂ ಗೊತ್ತಾಗುವುದಿಲ್ಲ. ಹೀಗಾಗಿ ಕೆಲಸ ಮಿತಿಮೀರಿದಾಗ ಮೊದಲು ಬೀಳುವುದು ಇದೇ.

ಲೆಕ್ಕ ಹಾಕಿ ನೋಡಿ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ಪಾಳಿ. ತಾವಾಗಿ ಹೊರಳಲಾಗದ ರೋಗಿಗಳು ಆರು ಮಂದಿ ಎಂದುಕೊಳ್ಳಿ. ಎರಡು ಗಂಟೆಗೊಮ್ಮೆ ಎಂದರೆ ಒಬ್ಬರಿಗೆ ಆರು ಸಲ, ಒಟ್ಟು 36 ಸಲ. ಗಾಯದಿಂದ ದ್ರವ ತೆಗೆಯುವ ಕೊಳವೆ (ಡ್ರೈನ್), ಮೂತ್ರದ ಕೊಳವೆ (ಕ್ಯಾತೆಟರ್) ನೋಡಿಕೊಂಡು ಸರಿಯಾಗಿ ಮಾಡಲು ಇಬ್ಬರಿಗೆ ಐದು ನಿಮಿಷ ಬೇಕು. ಅಲ್ಲಿಗೆ ಇಬ್ಬರ ಮೂರು ಗಂಟೆ ಇದೊಂದಕ್ಕೇ ಹೋಯಿತು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದಲ್ಲಿ ಸಾಮಾನ್ಯ ವಾರ್ಡಿಗೆ ಬೋಧನಾ ಆಸ್ಪತ್ರೆಯಾದರೆ ಮೂರು, ಇತರ ಆಸ್ಪತ್ರೆಯಾದರೆ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ಹತ್ತು ಗಂಟೆಗೆ ಯಾವುದೇ ವಾರ್ಡಿಗೆ ಹೋಗಿ ತಲೆ ಎಣಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಲಿಂಡಾ ಐಕೆನ್ ತಂಡ 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರಿದ್ದು ಕಂಡಿತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲೂ ಅದೇ ಬಂತು. ಹಾಗಾಗಿ ಪಾಳಿಯಲ್ಲಿದ್ದ ಹುಡುಗಿಯೊಬ್ಬಳ ಮೇಲೆ ಸಿಟ್ಟು ತೀರಿಸಿಕೊಂಡರೆ ಪಾಳಿಗೆ ಎಷ್ಟು ಜನ ಹಾಕಬೇಕೆಂದು ತೀರ್ಮಾನಿಸಿದವರು ಪಾರಾಗುತ್ತಾರೆ. ಇದು ನನ್ನ ಅಭಿಪ್ರಾಯ. ಹೊಣೆ ಯಾರದ್ದೂ ಅಲ್ಲ ಎಂದು ಅರ್ಥವಲ್ಲ.

ಮನೆಮದ್ದುಗಳ ಕಡೆ ಬರೋಣ. ಮೂಳೆ ಎದ್ದಿರುವ ಜಾಗ ಉಜ್ಜಿದರೆ ರಕ್ತ ಓಡುತ್ತದೆ ಎಂದು ಒಂದು ಕಾಲಕ್ಕೆ ನರ್ಸಿಂಗ್ ಶಾಲೆಗಳಲ್ಲೇ ಕಲಿಸುತ್ತಿದ್ದರು. ಏಜೆನ್ಸಿ ಹುಡುಗಿಗೆ ಹೇಳಿಕೊಟ್ಟವರು ಅದನ್ನೇ ಕಲಿತಿರುತ್ತಾರೆ, ಅವಳನ್ನು ಬೈಯಬೇಡಿ. ಒಳಗೆ ಆಗಲೇ ನೊಂದ ನಾಳಗಳು ಉಜ್ಜಿದರೆ ಹರಿಯುತ್ತವೆ. ಸ್ಪಿರಿಟ್ ಚರ್ಮದ ಎಣ್ಣೆಯಂಶ ತೆಗೆದು ಒಣಗಿಸಿ ಬಿರುಕು ಬಿಡಿಸುತ್ತದೆ. ಪೌಡರ್ ಬೆವರಿಗೆ ಸೇರಿ ಗಂಟುಕಟ್ಟಿ ಮರಳಿನಂತೆ ಉಜ್ಜುತ್ತದೆ. ತೂತಿನ ದಿಂಬು ನಡುವಿನ ಭಾರವನ್ನು ಸುತ್ತಲಿನ ಅಂಚಿಗೆ ಹಾಕುತ್ತದೆ. ಆ ಬಳೆಯಾಕಾರದ ಒತ್ತಡ ಗಾಯಕ್ಕೆ ಬರುವ ರಕ್ತವನ್ನೇ ಕಟ್ಟಿಹಾಕುತ್ತದೆ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಗೆ ಇಡುವುದು ಇನ್ನೂ ಕೆಲವು ಕಡೆ ಇದೆ, ಅದೂ ಬೇಡ: ಹಿಮ್ಮಡಿಯಷ್ಟು ಸಣ್ಣ ಜಾಗದ ಭಾರವನ್ನು ಅದು ಹಂಚಲಾರದು.

ವಾಟರ್ ಬೆಡ್ ಬಗ್ಗೆ ನೇರ ಉತ್ತರ: ಹಾಸಿಗೆ ಯಾವುದಾದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ನೀರಿನದು ಭಾರ, ಅದರ ಮೇಲೆ ಹೊರಳಿಸುವುದೂ ಕಷ್ಟ, ನಿಮಗೆ ಬೇಡ. ಗಾಳಿಯ ಕೋಶಗಳು ಸರದಿಯಲ್ಲಿ ಉಬ್ಬಿ ಇಳಿಯುವ ಏರ್ ಬೆಡ್ ಅಥವಾ ಒಳ್ಳೆಯ ದರ್ಜೆಯ ಫೋಮ್ ಹಾಸಿಗೆ ಎರಡರಲ್ಲಿ ಒಂದು ಸಾಕು. ಎರಡನ್ನೂ ಹೋಲಿಸಿದ, 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಪ್ರೆಷರ್ 2’ ಪ್ರಯೋಗದಲ್ಲಿ 2,029 ರೋಗಿಗಳಿದ್ದರು. ಹೊಸ ಹುಣ್ಣು ತಡೆಯುವುದರಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎಂದು ಖಚಿತವಾಗಲಿಲ್ಲ. ಆಗಲೇ ಗಾಯವಿರುವ, ರಾತ್ರಿ ಒಬ್ಬರೇ ನೋಡಿಕೊಳ್ಳುವ ಮನೆಗೆ ನಾನು ಏರ್ ಬೆಡ್ ಬಾಡಿಗೆಗೆ ತನ್ನಿ ಎನ್ನುತ್ತೇನೆ. ತಂದ ಮೇಲೆ ಪಂಪಿನ ಗುಂಡಿಯನ್ನು ತೂಕಕ್ಕೆ ಹೊಂದಿಸಿ. ಅಮ್ಮ ಮಲಗಿರುವಾಗ ಸೊಂಟದ ನೇರಕ್ಕೆ ಏರ್ ಬೆಡ್ಡಿನ ಅಡಿಗೆ ಅಂಗೈ ಮೇಲ್ಮುಖವಾಗಿ ತೂರಿಸಿ. ಅವರ ಮೂಳೆ ಕೈಗೆ ತಾಕಿದರೆ ಗಾಳಿ ಸಾಲದು, 2.5 ಸೆ.ಮೀ.ನಷ್ಟಾದರೂ ಗಾಳಿ ಉಳಿದಿರಬೇಕು. ಮೇಲೆ ಒಂದೇ ಹತ್ತಿ ಬೆಡ್‌ಶೀಟ್, ಅದೂ ಸಡಿಲವಾಗಿ. ಕೌದಿ, ರಬ್ಬರ್ ಶೀಟ್, ಎರಡು ಮಡಿಕೆ ಅಂಡರ್‌ಪ್ಯಾಡ್ ಹಾಕಿದರೆ ಹಾಸಿಗೆಗೆ ಕೊಟ್ಟ ದುಡ್ಡು ದಂಡ. ಪಂಪ್ ಎಳೆಯುವ ಕರೆಂಟ್ ಬಹಳ ಕಡಿಮೆ. ಅದನ್ನು ಯುಪಿಎಸ್ ಪ್ಲಗ್ಗಿಗೇ ಹಾಕಿ, ಬೆಸ್ಕಾಂ ಕೈಕೊಟ್ಟ ರಾತ್ರಿ ಕೋಶಗಳು ಇಳಿದುಹೋಗದಿರಲಿ.

ಎಷ್ಟು ಹೊತ್ತಿಗೊಮ್ಮೆ ತಿರುಗಿಸಬೇಕು? ‘ಎರಡು ಗಂಟೆ’ ಎಂಬುದು ಹಳೆಯ ರೂಢಿ. 2013ರಲ್ಲಿ ಬರ್ಗ್‌ಸ್ಟ್ರಾಮ್ ತಂಡ ಅಮೆರಿಕ ಮತ್ತು ಕೆನಡಾದ ವೃದ್ಧರ ಶುಶ್ರೂಷಾಲಯಗಳಲ್ಲಿ 942 ಮಂದಿಯನ್ನು ಒಳ್ಳೆಯ ಫೋಮ್ ಹಾಸಿಗೆಯ ಮೇಲೆ 2, 3, 4 ಗಂಟೆಗೊಮ್ಮೆ ತಿರುಗಿಸಿ ನೋಡಿದಾಗ ಹುಣ್ಣಿನ ಪ್ರಮಾಣದಲ್ಲಿ ಅಂತರ ಸಿಗಲಿಲ್ಲ. ಆದರೆ ಅವರಲ್ಲಿ ಅಧ್ಯಯನದ ಆರಂಭಕ್ಕೆ ಯಾರಿಗೂ ಗಾಯ ಇರಲಿಲ್ಲ. ಅಮ್ಮನಿಗೆ ಹಗಲು ಎರಡು ಗಂಟೆ, ರಾತ್ರಿ ಮೂರು ಗಂಟೆ ಎಂದಿಟ್ಟುಕೊಳ್ಳಿ. ತಿರುಗಿಸಿದಾಗ ಹೊಸ ಜಾಗದಲ್ಲಿ ಗುರುತು ಕಂಡರೆ ಅವಧಿ ಇಳಿಸಿ. ಗಾಯ ವಾಸಿಯಾಗುವವರೆಗೆ ಅಂಗಾತ ಮಲಗಿಸುವುದೇ ಬೇಡ.

ತಿರುಗಿಸುವ ಕ್ರಮ ಹೀಗೆ. ಭುಜದಿಂದ ತೊಡೆಯವರೆಗೆ ಬರುವಂತೆ ಅಡ್ಡ ಬಟ್ಟೆಯೊಂದು ಅಡಿಯಲ್ಲಿ ಸದಾ ಇರಲಿ. ಇಬ್ಬರು ಎರಡೂ ಕಡೆ ನಿಂತು ಅದನ್ನು ಸುತ್ತಿ ಹಿಡಿದು ಎತ್ತಿ ಸರಿಸಬೇಕು, ಎಳೆಯಬಾರದು. ಅರ್ಧ ಕೀಲು ಬದಲಿಸಿರುವುದರಿಂದ ಮೊದಲು ಎರಡು ಮಂಡಿಗಳ ನಡುವೆ ದಪ್ಪ ದಿಂಬು ಇಡಿ, ಆಪರೇಷನ್ ಆದ ಕಾಲು ಇನ್ನೊಂದನ್ನು ದಾಟಿ ಆ ಕಡೆ ಬೀಳಕೂಡದು, ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು. ಆ ಮಗ್ಗುಲಿಗೆ ಮಲಗಿಸಬಹುದೇ ಎಂದು ಮೂಳೆ ಡಾಕ್ಟರನ್ನು ಕೇಳಿಕೊಳ್ಳಿ. ಪೂರ್ತಿ ಮಗ್ಗುಲಾಗಿಸಿದರೆ ತೊಡೆಯ ಮೇಲ್ಮೂಳೆಯ ಮೇಲೆ ಭಾರ ಬಿದ್ದು ಅಲ್ಲಿ ಇನ್ನೊಂದು ಹುಣ್ಣಾಗುತ್ತದೆ. ಬೆನ್ನಿನ ಒಂದು ಬದಿಗೆ ಉದ್ದಕ್ಕೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು. ಆಮೇಲೆ ಗಾಯದ ಅಡಿಗೆ ಕೈ ತೂರಿಸಿ ನೋಡಿ, ಕೈ ಸಲೀಸಾಗಿ ಹೋದರೆ ಸರಿಯಾಗಿದೆ. ಮೀನಖಂಡದ ಅಡಿಗೆ ಉದ್ದಕ್ಕೆ ಒಂದು ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರಲಿ, ಮಂಡಿ ತುಸು ಬಾಗಿರಲಿ. ಊಟದ ಹೊತ್ತು ಬಿಟ್ಟರೆ ತಲೆಭಾಗ 30 ಡಿಗ್ರಿ ದಾಟುವುದು ಬೇಡ. ಕುರ್ಚಿಯಲ್ಲಿ ಕೂರಿಸುವುದಾದರೆ ದಿನಕ್ಕೆ ಮೂರು ಸಲ, ಒಂದೊಂದು ಸಲವೂ ಒಂದು ಗಂಟೆ ಮೀರದಂತೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿಸಲು ಫಿಸಿಯೊ ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಗಾಯ ತೊಳೆಯಲು ನಾರ್ಮಲ್ ಸಲೈನ್ ಸಾಕು. ಹೈಡ್ರೋಜನ್ ಪೆರಾಕ್ಸೈಡ್, ಡೆಟಾಲ್ ಹೊಸದಾಗಿ ಬರುವ ಮಾಂಸವನ್ನೂ ಸುಡುತ್ತವೆ. ಡ್ರೆಸಿಂಗ್ ಯಾವುದು ಎಂಬುದು ಆಳ ಗೊತ್ತಾದ ಮೇಲಿನ ಮಾತು. ಯಾವುದೇ ಆಗಲಿ, ಮಲಮೂತ್ರ ತಾಗಿದ ಕೂಡಲೇ ಬದಲಿಸಬೇಕು. ಡಯಾಪರ್ ರಾತ್ರಿಯಿಡೀ ಬಿಡಬೇಡಿ. ಡ್ರೆಸಿಂಗನ್ನು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಿರುವ ನರ್ಸ್ ಮಾಡಲಿ. ಏಜೆನ್ಸಿಗಳು ‘ಹೋಮ್ ನರ್ಸ್’ ಎಂದು ಕಳಿಸುವ ಎಲ್ಲರೂ ನರ್ಸ್ ಅಲ್ಲ, ನೋಂದಣಿ ಸಂಖ್ಯೆ ಕೇಳುವುದು ಅವಮಾನವೂ ಅಲ್ಲ.

ಊಟದ ವಿಷಯದಲ್ಲಿ ಗಂಜಿ, ಬ್ರೆಡ್ಡು, ಎಳನೀರಿನಿಂದ ಗಾಯ ಕೂಡುವುದಿಲ್ಲ. ದಿನಕ್ಕೆ ಒಂದು ಕಿಲೊ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು: 48 ಕಿಲೊಗೆ 60ರಿಂದ 72 ಗ್ರಾಂ. ಶಕ್ತಿ 1,440 ಕ್ಯಾಲೊರಿಗೆ ಕಡಿಮೆಯಾಗಬಾರದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ನೂರು ಗ್ರಾಂ ಪನೀರಿನಲ್ಲಿ 18ರಷ್ಟು, ಒಣ ಸೋಯಾ ಚಂಕ್ಸ್ 30 ಗ್ರಾಂನಲ್ಲಿ 15ರಷ್ಟು ಸಿಗುತ್ತದೆ. ತಿಳಿಸಾರಿನಲ್ಲಿ ಬೇಳೆ ಇರುವುದೇ ಇಲ್ಲ, ಹೆಸರುಬೇಳೆಯ ಗಟ್ಟಿ ತೊವ್ವೆ ಮಾಡಿ. ಸಕ್ಕರೆ ಕಾಯಿಲೆಯಿರುವುದರಿಂದ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ನೋಡಿದ ಮೇಲೆ ಈ ಪ್ರಮಾಣಕ್ಕೆ ಡಾಕ್ಟರ ಒಪ್ಪಿಗೆ ಪಡೆಯಿರಿ. ಕಿಡ್ನಿ ಸೋತಿದ್ದರೆ ಲೆಕ್ಕ ಬೇರೆ.

ಸರ್ಜನ್ ನೋಡಿದ ಮೇಲೆ ನಿಮ್ಮ ಮುಂದೆ ಕೆಲವು ದಾರಿಗಳಿರುತ್ತವೆ. ಗಾಯ ಆಳವಿಲ್ಲದಿದ್ದರೆ ಮನೆಯಲ್ಲೇ ಡ್ರೆಸಿಂಗ್; ರಾತ್ರಿ ಮಗ್ಗುಲು ತಪ್ಪಿಸಿದರೆ ಇದು ಸೋಲುತ್ತದೆ, ಬೇರೆ ಯಾವುದರಿಂದಲೂ ಅಷ್ಟಾಗಿ ಸೋಲುವುದಿಲ್ಲ. ಸತ್ತ ಪೊರೆ ದಪ್ಪವಿದ್ದರೆ ಕತ್ತರಿಸಿ ತೆಗೆಯುತ್ತಾರೆ. ಆಮೇಲೆ ಗಾಯ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಸೊಂಟದ ಆಪರೇಷನ್ ಆದವರಿಗೆ ಅದನ್ನು ಕೊಟ್ಟಿರುವುದು ಸಾಮಾನ್ಯ. ಆಳವಾದ, ಸ್ವಚ್ಛವಾದ ಗಾಯಕ್ಕೆ ಅದರ ದ್ರವ ಹೀರಿ ತೆಗೆಯುವ ವ್ಯಾಕ್ಯೂಮ್ ಯಂತ್ರ ಹಾಕುವುದುಂಟು. ಸತ್ತ ಪೊರೆ ಉಳಿದಿರುವಾಗ ಅಥವಾ ಮೂಳೆಗೆ ಸೋಂಕು ತಗುಲಿ ಚಿಕಿತ್ಸೆ ಆಗದಿದ್ದಾಗ ಅದನ್ನು ಹಾಕಬಾರದು. ಮಾಂಸದ ಪದರ ತಿರುಗಿಸಿ ಮುಚ್ಚುವ ಪ್ಲಾಸ್ಟಿಕ್ ಸರ್ಜರಿ ಕೊನೆಯದು, ಈ ವಯಸ್ಸಿಗೆ ಮತ್ತೆ ಅರಿವಳಿಕೆ, ಮತ್ತೆ ವಾರಗಟ್ಟಲೆ ಮಲಗುವುದು ಎರಡೂ ಹೊರೆ. ಜ್ವರ, ಕೆಟ್ಟ ವಾಸನೆ, ಕೀವು, ಸುತ್ತ ಹರಡುವ ಬಿಸಿ ಊತ, ಇದ್ದಕ್ಕಿದ್ದಂತೆ ತೊದಲು ಅಥವಾ ಮಂಕು, ಏಕಾಏಕಿ ಏರಿದ ಸಕ್ಕರೆ ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟಿಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಆಸ್ಪತ್ರೆಗೆ ಹೋಗುವ ದಿನವೂ ಎಚ್ಚರ ಬೇಕು. ವೆಸ್ಟ್ ಆಫ್ ಕಾರ್ಡ್ ರೋಡಿನ ಸಂಜೆ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ಸ್ಟ್ರೆಚರ್ ಮೇಲೆ ಒಂದು ಗಂಟೆ, ಓಪಿಡಿಯಲ್ಲಿ ಗಾಲಿಕುರ್ಚಿ ಮೇಲೆ ಎರಡು ಗಂಟೆ ಅಂಗಾತ ಅಥವಾ ಕೂತೇ ಕಳೆದರೆ ಒಂದು ವಾರದ ಶ್ರಮ ಹೋಗುತ್ತದೆ. ಬೆಳಗಿನ ಮೊದಲ ಸರದಿ ಕೇಳಿ, ದಾರಿಯಲ್ಲೂ ಓರೆಯಾಗಿಯೇ ಮಲಗಿಸಿ.

ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲು ಮತ್ತು ದಿನಾಂಕ ಬರೆದ ಚೀಟಿ ಇಟ್ಟು ಫೋಟೊ ತೆಗೆಯಿರಿ. ಎರಡು ವಾರವಾದರೂ ಅಳತೆ ಇಳಿಯದಿದ್ದರೆ ಚಿಕಿತ್ಸೆಯನ್ನು ಮತ್ತೆ ಯೋಚಿಸಬೇಕು ಎಂದು ಅರ್ಥ. ಈ ಫೋಟೊಗಳೇ ಮುಂದೆ ನಿಮ್ಮ ದಾಖಲೆಯೂ ಆಗುತ್ತವೆ.

ದಾಖಲೆ ಎಂದಾಗ: ಡಿಸ್ಚಾರ್ಜ್ ಸಾರಾಂಶ ಒಂದರಿಂದ ಏನೂ ತಿಳಿಯುವುದಿಲ್ಲ. ಪೂರ್ತಿ ಕೇಸ್ ಶೀಟಿನ ಪ್ರತಿಗೆ ಲಿಖಿತ ಅರ್ಜಿ ಕೊಡಿ. 2002ರ ವೈದ್ಯಕೀಯ ವೃತ್ತಿ ನಡತೆ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಅದರಲ್ಲಿ ಸೇರಿದ ದಿನದ ನರ್ಸಿಂಗ್ ತಪಾಸಣೆ, ಬ್ರೇಡನ್ ಅಥವಾ ಅಂಥದೇ ಅಂಕ, ಮಗ್ಗುಲು ಬದಲಿಸಿದ ಚಾರ್ಟ್, ಡಿಸ್ಚಾರ್ಜ್ ದಿನ ಚರ್ಮ ನೋಡಿದ ಬರಹ ಈ ನಾಲ್ಕನ್ನು ಹುಡುಕಿ. ಅಂಕವೇ ಇಲ್ಲದಿದ್ದರೆ ಅಪಾಯ ಅಳೆದೇ ಇಲ್ಲ. ಅಂಕ ಕಡಿಮೆಯಿದ್ದೂ ಚಾರ್ಟ್ ಇಲ್ಲದಿದ್ದರೆ ಗೊತ್ತಿದ್ದೂ ಬಿಟ್ಟಂತೆ. 8, 10, 12, 2, 4, 6 ಎಂದು ಇಡೀ ರಾತ್ರಿಯ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, ಎಕ್ಸ್‌ರೇಗೆ ಕೆಳಗೆ ಹೋಗಿದ್ದ ಹೊತ್ತಿಗೂ ‘ಎಡ ಮಗ್ಗುಲು’ ಎಂದು ಇದ್ದರೆ ಅದನ್ನು ಬೆಳಿಗ್ಗೆ ಒಟ್ಟಿಗೆ ತುಂಬಿದ್ದಾರೆ ಎಂದು ಅನುಮಾನಿಸಬಹುದು. ನಾಲ್ಕೂ ಸರಿಯಾಗಿದ್ದು, ಸೋಮವಾರ ಚರ್ಮ ಸ್ವಚ್ಛವಿತ್ತು ಎಂದು ಬರೆದಿದ್ದರೆ ನಿಮ್ಮ ಭಾವನವರ ವಾದ ದುರ್ಬಲವಾಗುತ್ತದೆ, ಅದನ್ನೂ ಒಪ್ಪಿಕೊಳ್ಳಬೇಕು.

ಆಸ್ಪತ್ರೆಗೆ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಿದ್ದರೆ, ಸೇರಿದ ಮೇಲೆ ಆದ ಹಾಸಿಗೆ ಹುಣ್ಣುಗಳನ್ನು ಅವರು ಎಣಿಸಿ ದಾಖಲಿಸಲೇಬೇಕು. ಆದ್ದರಿಂದ ಮೊದಲ ಪತ್ರ ಅಲ್ಲಿನ ವೈದ್ಯಕೀಯ ಅಧೀಕ್ಷಕರಿಗೆ, ಪ್ರತಿ ಕ್ವಾಲಿಟಿ ವಿಭಾಗಕ್ಕೆ. ದಿನಾಂಕ, ಗಂಟೆ, ಅಳತೆ ಬರೆಯಿರಿ, ಬೈಗುಳ ಬೇಡ. ‘ಇದನ್ನು ಘಟನೆಯಾಗಿ ದಾಖಲಿಸಿ, ಕಾರಣ ವಿಶ್ಲೇಷಣೆಯನ್ನು ಲಿಖಿತವಾಗಿ ಕೊಡಿ’ ಎಂದು ಕೇಳಿ. ಉತ್ತರ ಬಾರದಿದ್ದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವಿದೆ, ಹಾಗಾಗಿ ಇವತ್ತೇ ಓಡಬೇಕಿಲ್ಲ. ಅರ್ಜಿಯ ನಿಮ್ಮ ಪ್ರತಿಗೆ ಕೌಂಟರಿನಲ್ಲಿ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಬನ್ನಿ.